ಮಗಳ ಜೊತೆ ಮೂರು ಕಾಲೇಜು ನೋಡಿ ಬಂದೆ

ಈ ವಿಡಿಯೋದಲ್ಲಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಬಿರಬಿರನೆ ಮುಂದೆ ಹೋಗುತ್ತಿದ್ದಾಳಲ್ಲ, ಅವಳೇ ನನ್ನ ಮಗಳು. ವಯಸ್ಸು 17. ಯಾವ ಕಾಲೇಜಿಗೆ ಅರ್ಜಿ ಹಾಕಬೇಕು ಅನ್ನುವ ಮಾತು ನಮ್ಮ ಮನೆಯಲ್ಲಿ ಶುರುವಾಗಿ ಎರಡು ತಿಂಗಳಾಯಿತು. ಅವಳಿಗೆ ಚಿಕ್ಕಂದಿನಿಂದ ಗಿಡಮರಗಳ ಹುಚ್ಚು. ಓದಿದರೆ ಸಸ್ಯಶಾಸ್ತ್ರವನ್ನೇ ಓದಬೇಕು ಅನ್ನುತ್ತಾಳೆ. ಪಟ್ಟಿಯಲ್ಲಿ ಏಳು ಕಾಲೇಜುಗಳಿದ್ದವು. ವೆಬ್‌ಸೈಟ್ ನೋಡಿದರೆ ಏಳೂ ಒಂದೇ ಥರ. ಹಸಿರು ಹುಲ್ಲು, ದೊಡ್ಡ ಕಟ್ಟಡ, ಪುಸ್ತಕ ಹಿಡಿದು ನಗುತ್ತಿರುವ ನಾಲ್ಕು ಮಕ್ಕಳು. ಸರಿ, ಕೈಗೆಟುಕುವ ಮೂರನ್ನಾದರೂ ಕಣ್ಣಾರೆ ನೋಡಿ ಬರೋಣ ಅಂತ ಹೊರಟೆವು.

ಮೊದಲನೆಯದಕ್ಕೆ ಹೋಗಿದ್ದು ಭಾನುವಾರ. ನನಗೆ ರಜೆ, ಅವಳಿಗೂ ರಜೆ, ಅನುಕೂಲ ಅಂತ. ಹೋಗಿ ನೋಡಿದರೆ ಕಾರಿಡಾರ್ ಖಾಲಿ, ಲ್ಯಾಬಿಗೆ ಬೀಗ, ಲೈಬ್ರರಿ ಅರ್ಧ ದಿನ. ಕಾವಲಿನವರು ಒಳಗೆ ಬಿಟ್ಟರು, ಪಾಪ, ಒಳ್ಳೆಯವರು. ಒಂದು ಗಂಟೆ ಸುತ್ತಿದೆವು. ಕಟ್ಟಡ ನೋಡಿದ ಹಾಗಾಯಿತು, ಕಾಲೇಜು ನೋಡಿದ ಹಾಗಾಗಲಿಲ್ಲ. ಅವತ್ತು ತೆಗೆದ ವಿಡಿಯೋದಲ್ಲಿ ಒಬ್ಬ ವಿದ್ಯಾರ್ಥಿಯೂ ಇಲ್ಲ, ಗಮನಿಸಿ. ನೀವು ಹೋಗುವುದಾದರೆ ದಯವಿಟ್ಟು ಪಾಠ ನಡೆಯುವ ದಿನ ಹೋಗಿ. ಪರೀಕ್ಷೆಯ ವಾರ ಬೇಡ, ಹಬ್ಬದ ವಾರ ಬೇಡ, ಕಾಲೇಜಿನವರೇ ಕರೆಯುವ ಓಪನ್ ಡೇ ಒಂದೇ ಸಾಲದು. ಓಪನ್ ಡೇ ದಿನ ಎಲ್ಲರೂ ಸಜ್ಜಾಗಿ ನಿಂತಿರುತ್ತಾರೆ. ಅದೂ ಬೇಕು, ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆ. ಆದರೆ ಮಕ್ಕಳು ಅಲ್ಲಿ ಕಳೆಯುವುದು ಮಾಮೂಲಿ ದಿನಗಳನ್ನು, ಅಲ್ವಾ?

ಅದಕ್ಕೇ ಅದೇ ಕಾಲೇಜಿಗೆ ಒಂದು ಬುಧವಾರ ರಜೆ ಹಾಕಿ ಮತ್ತೆ ಹೋದೆವು. ಈ ಸಲ ಒಬ್ಬ ಸಿಬ್ಬಂದಿ ನಮ್ಮನ್ನು ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. ಲ್ಯಾಬಿನಲ್ಲಿ ಹೊಸ ಮೈಕ್ರೋಸ್ಕೋಪ್‌ಗಳು ಗಾಜಿನ ಬೀರುವಿನಲ್ಲಿ ಸಾಲಾಗಿ ಕೂತಿದ್ದವು. ಮಗಳು ಬೀರುವಿನ ಹತ್ತಿರ ಬಗ್ಗಿ ನೋಡಿದಳು. ಒಂದರ ಮೇಲಿನ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿಯೇ ಇರಲಿಲ್ಲ. ಬೀಗದ ಮೇಲೆ ಬೆರಳಿಟ್ಟರೆ ಧೂಳು. ಅವಳು ಏನೂ ಅನ್ನಲಿಲ್ಲ, ನನ್ನ ಕಡೆ ಒಮ್ಮೆ ನೋಡಿದಳು ಅಷ್ಟೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಅಷ್ಟು ಒಳ್ಳೆಯ ಉಪಕರಣ, ಕಲಿಯಲು ಬಂದ ಮಕ್ಕಳ ಕೈಗೆ ಸಿಗದೆ ಕೂತಿದೆ ಅಂದರೆ ಬೇಜಾರಾಗದೆ ಇರುತ್ತದೆಯೇ? ಈಗ ಎಲ್ಲಿ ಹೋದರೂ ನಾವು ಕೇಳುವ ಪ್ರಶ್ನೆ ಬದಲಾಗಿದೆ. 'ಲ್ಯಾಬ್ ಇದೆಯಾ' ಅಂತ ಕೇಳುವುದಿಲ್ಲ. 'ಮೊದಲ ವರ್ಷದವರು ವಾರಕ್ಕೆ ಎಷ್ಟು ಗಂಟೆ ಲ್ಯಾಬಿನಲ್ಲಿ ಇರುತ್ತಾರೆ, ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ' ಅಂತ ಕೇಳುತ್ತೇವೆ.

ಅಂಕಿ-ಅಂಶದ ವಿಷಯಕ್ಕೂ ಇದೇ ಮಾತು. ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಅನ್ನುವುದನ್ನು ಎಲ್ಲರೂ ದೊಡ್ಡದಾಗಿ ಬರೆಯುತ್ತಾರೆ. 15ಕ್ಕೆ ಒಬ್ಬರು ಅಂತ ಓದಿದ ತಕ್ಷಣ 15 ಮಕ್ಕಳ ತರಗತಿ ಕಣ್ಣಿಗೆ ಬರುತ್ತದೆ. ಹಾಗಲ್ಲ. ಸಂಶೋಧನೆಯಲ್ಲೇ ಇರುವವರು, ಮೇಲಿನ ತರಗತಿಗಳಿಗೆ ಮಾತ್ರ ಪಾಠ ಮಾಡುವವರು, ಎಲ್ಲರೂ ಆ ಲೆಕ್ಕದಲ್ಲಿ ಸೇರಿರಬಹುದು. ಮೊದಲ ವರ್ಷದ ತರಗತಿಯಲ್ಲಿ ನೂರು ಜನ ಇದ್ದರೂ ಆ ಲೆಕ್ಕ ಸುಳ್ಳಾಗುವುದಿಲ್ಲ. ಇನ್ನು ಕೆಲಸ ಸಿಕ್ಕವರ ಸಂಬಳದ ಸರಾಸರಿ. ಹತ್ತು ಜನರಲ್ಲಿ 9 ಜನಕ್ಕೆ ತಲಾ 4 ಲಕ್ಷ, ಒಬ್ಬರಿಗೆ 64 ಲಕ್ಷ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಒಟ್ಟು 100, ಸರಾಸರಿ 10. ಆದರೆ 10 ಅನ್ನುವ ಸಂಬಳ ಆ ಹತ್ತು ಜನರಲ್ಲಿ ಒಬ್ಬರಿಗೂ ಬಂದಿಲ್ಲ! ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮಧ್ಯದಲ್ಲಿರುವವರಿಗೆ ಸಿಕ್ಕಿದ್ದು 4. ಆ ಮಧ್ಯದ ಅಂಕಿಯನ್ನು, ಮೀಡಿಯನ್ ಅನ್ನುತ್ತಾರಲ್ಲ, ಅದನ್ನು ಕೇಳಿ. ಜೊತೆಗೆ, ಶೇಕಡಾ ಇಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂದರೆ ಓದು ಮುಗಿಸಿದ ಎಲ್ಲರಲ್ಲೋ, ಕೆಲಸಕ್ಕೆ ಹೆಸರು ಕೊಟ್ಟವರಲ್ಲೋ, ಅದನ್ನೂ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ವರ್ಷಗಟ್ಟಲೆ ಫೀಸು ಕಟ್ಟುವವರು ನಾವು.

ಎರಡನೇ ಕಾಲೇಜಿನಲ್ಲಿ ಆಗಿದ್ದನ್ನು ಹೇಳಲೇಬೇಕು. ಅಲ್ಲಿ ಒಬ್ಬ ಮೂರನೇ ವರ್ಷದ ಹುಡುಗಿ ನಮಗೆ ಸಿಕ್ಕಳು. ತುಂಬಾ ಚೆನ್ನಾಗಿ ಮಾತಾಡುತ್ತಿದ್ದಳು. ನಾನು ಹಾಸ್ಟೆಲ್ ಬಗ್ಗೆ ಕೇಳಿದೆ, ಹಾಜರಿ ಬಗ್ಗೆ ಕೇಳಿದೆ, ಸ್ಕಾಲರ್‌ಶಿಪ್ ಬಗ್ಗೆ ಕೇಳಿದೆ. ಸ್ಕಾಲರ್‌ಶಿಪ್ ಮೊದಲ ವರ್ಷಕ್ಕೆ ಸಿಕ್ಕರೂ ಮುಂದುವರಿಯಬೇಕಾದರೆ ಇಷ್ಟು ಅಂಕ ಬರಲೇಬೇಕು ಅನ್ನುವ ಷರತ್ತು ಇದೆ ಅಂತ ಗೊತ್ತಾಗಿದ್ದು ಅವಳಿಂದಲೇ. ಅರ್ಧ ಗಂಟೆ ಕಳೆಯಿತು. ವಾಪಸ್ ಬರುವಾಗ ಮಗಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಅಂದಳು, "ಅಪ್ಪ, ನಿಮ್ಮ ಪ್ರಶ್ನೆಗೆಲ್ಲ ಉತ್ತರ ಸಿಕ್ತು. ನಾನೂ ಒಂದು ಕೇಳಬೇಕಿತ್ತು."

"ಏನು ಪುಟ್ಟಿ?"

"ಇಲ್ಲಿ ಯಾರಿಗಾದ್ರೂ ಗೊತ್ತಿಲ್ಲ ಅಂತ ಕೈ ಎತ್ತಿದ್ರೆ ಏನಾಗುತ್ತೆ ಅಂತ."

ನನಗೆ ಮಾತೇ ಹೊರಡಲಿಲ್ಲ. ಆ ಪ್ರಶ್ನೆ ನನ್ನ ತಲೆಗೆ ಹೊಳೆಯುತ್ತಲೇ ಇರಲಿಲ್ಲ. ನನ್ನ ಪಟ್ಟಿಯಲ್ಲಿದ್ದ ಯಾವ ಪ್ರಶ್ನೆಗಿಂತಲೂ ಅದು ದೊಡ್ಡದು ಅಂತ ಈಗಲೂ ಅನ್ನಿಸುತ್ತದೆ. ಅವತ್ತೇ ತೀರ್ಮಾನ ಮಾಡಿದೆವು. ವಿದ್ಯಾರ್ಥಿಗಳ ಹತ್ತಿರ ಮಾತಾಡುವಾಗ ನಾನು ಪಕ್ಕದಲ್ಲಿ ಇರುವುದಿಲ್ಲ. ಫೀಸು, ಹಾಸ್ಟೆಲ್, ಡೆಪಾಸಿಟ್ ವಿಚಾರಿಸುವ ಆಫೀಸು ನನ್ನ ಪಾಲು. ಉಳಿದ ಜಾಗವೆಲ್ಲ ಅವಳದು.

ಹಾಸ್ಟೆಲ್ ಬಗ್ಗೆ ಒಂದೇ ಮಾತು. ಅವರಾಗಿ ತೋರಿಸುವುದು ಸಾಮಾನ್ಯವಾಗಿ ಖಾಲಿ ರೂಮು. ಯಾರಾದರೂ ಒಪ್ಪಿದರೆ, ಮಕ್ಕಳು ಇರುವ ರೂಮನ್ನೇ ನೋಡಿ. ನಲ್ಲಿ ತಿರುಗಿಸಿ ನೋಡಿ, ಫೋನಿಗೆ ಸಿಗ್ನಲ್ ಬರುತ್ತದೆಯೇ ನೋಡಿ, ರಾತ್ರಿ ಹುಷಾರು ತಪ್ಪಿದರೆ ಯಾರನ್ನು ಎಬ್ಬಿಸಬೇಕು ಅಂತ ಕೇಳಿ.

ಈಗ ಮೂರನೆಯದು. ಇಲ್ಲಿ ವಿಡಿಯೋ ಸ್ವಲ್ಪ ಅಲುಗಾಡುತ್ತದೆ, ಬೇಗ ಬೇಗ ನಡೆಯಬೇಕಾಯಿತು. ಹಳೆಯ ಕಟ್ಟಡ. ಗೋಡೆಗೆ ಬಣ್ಣ ಬಳಿದು ಎಷ್ಟೋ ವರ್ಷ ಆದ ಹಾಗಿತ್ತು. ನಿಜ ಹೇಳಬೇಕೆಂದರೆ ಗೇಟಿನಲ್ಲೇ ನನ್ನ ಉತ್ಸಾಹ ಇಳಿದಿತ್ತು. ಸಸ್ಯಶಾಸ್ತ್ರ ವಿಭಾಗದ ಬಾಗಿಲಲ್ಲಿ ಲ್ಯಾಬ್ ಅಟೆಂಡರ್ ಒಬ್ಬರು ಕೂತಿದ್ದರು, ವಯಸ್ಸಾದವರು. ಮಗಳು ತಾನೇ ಹೋಗಿ, "ಸರ್, ಹರ್ಬೇರಿಯಂ ನೋಡಬಹುದಾ?" ಅಂತ ಕೇಳಿದಳು. ಆ ಪದ ಕೇಳಿದ್ದೇ ತಡ, ಅವರ ಮುಖ ಅರಳಿತು. ಬೀಗದ ಕೈ ಹುಡುಕುತ್ತಾ "ಬಾಮ್ಮ, ಬಾ" ಅಂದರು.

ಹರ್ಬೇರಿಯಂ ಅಂದರೆ ಒಣಗಿಸಿದ ಗಿಡಗಳ ಸಂಗ್ರಹ. ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಸುಮಾರು 42 ಸೆಂಟಿಮೀಟರ್ ಉದ್ದ, 29 ಸೆಂಟಿಮೀಟರ್ ಅಗಲದ ದಪ್ಪ ಹಾಳೆಗೆ ಅಂಟಿಸುತ್ತಾರೆ. ಇಟಲಿಯ ಪೀಸಾದಲ್ಲಿ ಪಾಠ ಹೇಳುತ್ತಿದ್ದ ಲೂಕಾ ಗೀನಿ ಅನ್ನುವವರು 16ನೇ ಶತಮಾನದಲ್ಲಿ ಈ ಪದ್ಧತಿಯನ್ನು ಬೆಳೆಸಿದರು ಅಂತ ಹೇಳುತ್ತಾರೆ. ಚಳಿಗಾಲದಲ್ಲಿ ಹಸಿ ಗಿಡ ಸಿಗದಾಗಲೂ ಪಾಠ ನಡೆಯಬೇಕಲ್ಲ. ಇಟಲಿಯದೇ ಆದ ಪಾದುವಾ ವಿಶ್ವವಿದ್ಯಾಲಯ 1545ರಲ್ಲಿ ಮಾಡಿದ ಸಸ್ಯೋದ್ಯಾನ ಈಗಲೂ ಅದೇ ಜಾಗದಲ್ಲಿದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಮಗಳೇ.

ಬೀರು ತೆರೆದರೆ ನುಸಿಗುಳಿಗೆಯ ಗಾಟು ವಾಸನೆ. ಅವರು ಒಂದು ಹಾಳೆಯನ್ನು ಎರಡೂ ಕೈಯಲ್ಲಿ, ಮಗು ಎತ್ತಿಕೊಂಡ ಹಾಗೆ ಎತ್ತಿ ಮೇಜಿನ ಮೇಲೆ ಇಟ್ಟರು. ಕಂದು ಬಣ್ಣಕ್ಕೆ ತಿರುಗಿದ ಒಂದು ಜರೀಗಿಡ. ಬೇರಿನ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಕಾಂಡ ಅಲುಗದ ಹಾಗೆ ದಾರದಲ್ಲಿ ಎರಡು ಹೊಲಿಗೆ. ಕೆಳಗೆ ಬಲಮೂಲೆಯಲ್ಲಿ ಚೀಟಿ. ಗಿಡದ ಹೆಸರು, ಸಿಕ್ಕ ಜಾಗ, ತಾರೀಕು, ತಂದವರ ಹೆಸರು. ಇಸವಿ 1968. ಶಾಯಿಯ ಅಕ್ಷರ, ಸ್ವಲ್ಪ ಹರಡಿತ್ತು. "ಇದನ್ನ ತಂದಿದ್ದು ಎರಡನೇ ವರ್ಷದ ಒಬ್ಬ ಹುಡುಗ," ಅಂದರು ಅವರು. "ಈಗಲೂ ಎರಡನೇ ವರ್ಷದವರು ತರ್ತಾರೆ. ಚೆನ್ನಾಗಿ ಬಂದಿದ್ರೆ ಇಲ್ಲೇ ಇಡ್ತೀವಿ." ಮಗಳು ಆ ಚೀಟಿಯನ್ನು ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನಿಂತೇ ಇದ್ದಳು. ನಾನು ಕ್ಯಾಮೆರಾ ಆಫ್ ಮಾಡಿದೆ. ಅದಕ್ಕೇ ಇಲ್ಲಿಂದ ಮುಂದೆ ಎರಡು ನಿಮಿಷ ವಿಡಿಯೋ ಇಲ್ಲ.

ಕ್ಯಾಂಪಸ್ ಅನ್ನುವುದು ಲ್ಯಾಟಿನ್ ಪದ. ಬಯಲು, ಮೈದಾನ ಅಂತ ಅರ್ಥ. ಕಾಲೇಜಿನ ಅಂಗಳಕ್ಕೆ ಆ ಹೆಸರು ಬಳಸಿದ, ಈವರೆಗೆ ಗೊತ್ತಿರುವ ಅತಿ ಹಳೆಯ ಬರಹ 1774ರ ಒಂದು ಪತ್ರ. ಅಮೆರಿಕದ ಪ್ರಿನ್ಸ್‌ಟನ್‌ನ ಕಾಲೇಜು ವಿದ್ಯಾರ್ಥಿಯೊಬ್ಬ ಬರೆದದ್ದು. ಚಹಾದ ಮೇಲೆ ಬ್ರಿಟಿಷರು ಹಾಕಿದ್ದ ತೆರಿಗೆ ವಿರೋಧಿಸಿ ಹುಡುಗರೆಲ್ಲ ಸೇರಿ ಕ್ಯಾಂಪಸ್ಸಿನಲ್ಲಿ ಚಹಾಪುಡಿಗೆ ಬೆಂಕಿ ಹಾಕಿದ ಸುದ್ದಿ ಅದರಲ್ಲಿದೆ. ಆ ಜಾಗದಲ್ಲಿ ಏನಾಯಿತು ಅಂತ ಬರೆದವನು ಅಲ್ಲಿ ಓದುತ್ತಿದ್ದ ಹುಡುಗ. ಈಗಲೂ ಹಾಗೇ ಅಲ್ವಾ? ಆಫೀಸಿನಲ್ಲಿ ಒಂದು ಗಂಟೆ ಕೂತರೂ ಸಿಗದ ಸುದ್ದಿ ಕ್ಯಾಂಟೀನಿನಲ್ಲಿ ಹತ್ತು ನಿಮಿಷಕ್ಕೆ ಸಿಗುತ್ತದೆ.

ಎಲ್ಲರಿಗೂ ಹೀಗೆ ಹೋಗಿ ನೋಡಲು ಆಗುವುದಿಲ್ಲ, ಗೊತ್ತು. ಖರ್ಚಿದೆ, ರಜೆ ಸಿಗಬೇಕು, ದೂರ ಇರುತ್ತದೆ. ನಮ್ಮ ಪಟ್ಟಿಯ ಉಳಿದ ನಾಲ್ಕಕ್ಕೆ ನಾವೂ ಹೋಗಲಿಲ್ಲ. ಅವುಗಳ ಸಿಲೆಬಸ್, ಟೈಮ್‌ಟೇಬಲ್, ಹಳೆಯ ಪ್ರಶ್ನೆಪತ್ರಿಕೆ ಎಲ್ಲವನ್ನೂ ವೆಬ್‌ಸೈಟಿನಲ್ಲಿ ಹುಡುಕಿ ಓದಿದೆವು. ಮಗಳು ಎರಡು ವಿಭಾಗಗಳಿಗೆ ಇಮೇಲ್ ಬರೆದಳು. ಒಂದರಿಂದ ಅಧ್ಯಾಪಕರೊಬ್ಬರು ಒಂದು ಪುಟ ಉತ್ತರ ಬರೆದಿದ್ದಾರೆ. ಅದನ್ನು ಅವಳು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದಾಳೆ.

ನೋಡಿ ಬಂದ ದಿನವೇ ಬರೆದಿಡಿ, ಇದೊಂದು ಮರೆಯಬೇಡಿ. ಎರಡನೇ ಕಾಲೇಜು ನೋಡುವಷ್ಟರಲ್ಲಿ ಮೊದಲನೆಯದರ ಲೈಬ್ರರಿ ಯಾವುದು, ಕ್ಯಾಂಟೀನ್ ಯಾವುದು ಅಂತ ನಮಗೇ ಗೊಂದಲ ಆಗಿತ್ತು.

ಇದು ನಿನ್ನೆ ರಾತ್ರಿಯ ದೃಶ್ಯ. ಅವಳ ನೋಟ್‌ಬುಕ್ಕು. ಮೊದಲನೇ ಕಾಲೇಜಿನ ಮೇಲೆ ಗೀಟು ಎಳೆದಿದ್ದಾಳೆ. ಎರಡನೆಯದು ಹಾಗೇ ಇದೆ. ಮೂರನೆಯದರ ಪಕ್ಕ ಒಂದು ನಕ್ಷತ್ರ, ಒಂದು ಪ್ರಶ್ನಾರ್ಥಕ ಚಿಹ್ನೆ. ಅಲ್ಲಿ ಲ್ಯಾಬ್ ಮುಗಿಯುವುದು ಸಂಜೆ 5:30ಕ್ಕೆ. ಹಾಸ್ಟೆಲ್ ಕಡೆಗೆ ಕೊನೆಯ ಬಸ್ಸು 5:15ಕ್ಕೆ. ಲ್ಯಾಬ್ ಇರುವ ದಿನ ಮಕ್ಕಳು ಹೇಗೆ ಹೋಗುತ್ತಾರೆ ಅಂತ ಕೇಳಲು ನಾವಿಬ್ಬರೂ ಮರೆತೆವು. ನಾಳೆ ಬೆಳಿಗ್ಗೆ 10 ಗಂಟೆಗೆ ಆಫೀಸು ತೆರೆಯುತ್ತದೆ. ಫೋನ್ ನಂಬರನ್ನು ಅವಳು ಆಗಲೇ ಪುಟದ ತುದಿಯಲ್ಲಿ ಬರೆದುಕೊಂಡಿದ್ದಾಳೆ.