ಸ್ವಲ್ಪ ಕತ್ತೆತ್ತಿ ನೋಡಿ

ಕೇಳುಗರಿಗೆ ನಮಸ್ಕಾರ. ರಜೆ ಶುರುವಾಯಿತು. ನಿಮ್ಮ ಮನೆಗೂ ಬೆಂಗಳೂರಿನಿಂದ ನೆಂಟರು ಬಂದಿರುತ್ತಾರೆ, ಅಲ್ವಾ? ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಬೀಚು, ಮಾಲು, ಆಮೇಲೆ ಒಂದು ಗಡ್‌ಬಡ್ ಐಸ್‌ಕ್ರೀಮ್. ಗಡ್‌ಬಡ್ ನನಗೂ ಇಷ್ಟವೇ. ಆದರೆ ಅಷ್ಟಕ್ಕೆ ಮಂಗಳೂರು ನೋಡಿದ ಹಾಗಾಯಿತೇ?

ನಾನು ಮೂವತ್ತು ವರ್ಷ ಹಳೇ ಕಟ್ಟಡಗಳ ರಿಪೇರಿ ಮಾಡಿಸಿದವನು. ಈ ಊರು ನೋಡಲು ನನಗೆ ಗೊತ್ತಿರುವುದು ಒಂದೇ ಉಪಾಯ. ಕತ್ತೆತ್ತಿ ನೋಡಿ. ಇಲ್ಲಿನ ಚಂದವೆಲ್ಲ ಮಾಡಿನಲ್ಲಿದೆ.

ಹಂಚಿನಿಂದಲೇ ಶುರು ಮಾಡೋಣ. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಒಳ್ಳೆಯ ಜೇಡಿಮಣ್ಣು ಬೇಕಾದಷ್ಟಿತ್ತು. ಎಲ್ಲಾದರೂ ಹಳೇ ಹಂಚು ಸಿಕ್ಕಿದರೆ ಕೈಗೆತ್ತಿಕೊಂಡು ತಿರುವಿ ನೋಡಿ. ಅಂಚಿನಲ್ಲಿ ಉದ್ದಕ್ಕೆ ಒಂದು ಗೀರು, ಹಿಂಬದಿಯಲ್ಲಿ ಸಣ್ಣದೊಂದು ಮೂಗು. ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಗೀರಿನಲ್ಲಿ ಪಕ್ಕದ ಹಂಚು ಕೂರುತ್ತದೆ. ಸಿಮೆಂಟು ಬೇಡ, ಮೊಳೆ ಬೇಡ. ಒಂದು ಒಡೆದರೆ ಒಂದನ್ನೇ ಬದಲಿಸಿದರಾಯಿತು. ನಮ್ಮ ಆಷಾಢದ ಮಳೆ ಅದರ ಮೇಲೆ ಜಾರಿಕೊಂಡು ಹೋಗುತ್ತದೆ.

ಇಲ್ಲಿ ನನ್ನ ಭಾವನ ಕತೆ ಹೇಳಲೇಬೇಕು. ಅವರದು ಹಿರಿಯರ ಕಾಲದ ಮನೆ. ಒಂದು ಮಳೆಗಾಲದಲ್ಲಿ ಸೋರಿತು, ಹಂಚು ಇಳಿಸಿದರು. ಹಂಚಿನ ಹಿಂದೆ ಬಾಸೆಲ್ ಮಿಶನ್ ಹೆಸರು, ಕೆಳಗೆ 1865 ಅಂತ ಅಚ್ಚು. ಭಾವ ಕುಣಿದಾಡಿಬಿಟ್ಟರು. ನಮ್ಮ ಮನೆ 1865ರದ್ದು! ಮರುವಾರವೇ ಬಾಗಿಲ ಮೇಲೆ ಸಿಮೆಂಟಿನಲ್ಲಿ ಆ ಇಸವಿ ಬರೆಸಿದರು. ನೆಂಟರಿಗೆಲ್ಲ ಊಟ ಹಾಕಿದರು. ನಾನೂ ಹೋಗಿದ್ದೆ, ಹೋಳಿಗೆ ಚೆನ್ನಾಗಿತ್ತು. ಊಟ ಆದ ಮೇಲೆ ಕೆಲಸದ ಮೇಸ್ತ್ರಿ ನನ್ನ ಹತ್ತಿರ ಬಂದು, "ಅದು ಕಾರ್ಖಾನೆ ಹುಟ್ಟಿದ ವರ್ಷ ಮಾರಾಯ್ರೆ, ಎಷ್ಟೋ ವರ್ಷ ಅದೇ ಅಚ್ಚು ಹಾಕ್ತಿದ್ರು. ನೀವೇ ಹೇಳಿ, ನನಗೆ ಧೈರ್ಯ ಇಲ್ಲ" ಅಂದ. ನನಗೂ ಇರಲಿಲ್ಲ. ಸುಮ್ನೆ ಏಣಿ ಹತ್ತಿ ಉಪ್ಪರಿಗೆಗೆ ಹೋದೆ, ಟಾರ್ಚು ಹಾಕಿದೆ. ನಡುವಿನ ತೊಲೆಯಲ್ಲಿ, ಜೇಡರ ಬಲೆಯ ಹಿಂದೆ, ಬಡಗಿ ಉಳಿಯಲ್ಲಿ ಕೆತ್ತಿದ್ದ: 1928. ಆ ಮನೆಯಲ್ಲಿ ಮೂರು ತಲೆಮಾರು ಉಂಡು ಮಲಗಿದೆ. ಮೇಲೆ ನೋಡಿದವರು ಒಬ್ಬರೂ ಇಲ್ಲ! ಬಾಗಿಲ ಮೇಲೆ ಇವತ್ತಿಗೂ 1865 ಇದೆ. ಭಾವನಿಗೆ ರೇಡಿಯೋ ಕೇಳುವ ಅಭ್ಯಾಸ ಇಲ್ಲ, ಹಾಗಾಗಿ ಹೇಳಿದೆ.

ಹಂಚಿಗೇ ಅರ್ಧ ಸಮಯ ಹೋಯಿತು. ಇರಲಿ.

ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಅಲ್ಲಿ ನಾನು ಹೇಳದಿದ್ದರೂ ನಿಮ್ಮ ಕತ್ತು ಮೇಲೇಳುತ್ತದೆ. ಗೋಡೆ, ಚಾವಣಿ ಎಲ್ಲ ಚಿತ್ರ. ಬಿಡಿಸಿದವರು ಇಟಲಿಯ ಅಂತೋನಿಯೋ ಮೊಸ್ಕೇನಿ, 1900ರ ಆಸುಪಾಸಿನಲ್ಲಿ. ಗೋಡೆಯ ಚಿತ್ರಗಳನ್ನು ಹಸಿ ಗಾರೆಯ ಮೇಲೆ ಬರೆದದ್ದು. ಗಾರೆ ಒಣಗುವ ಮೊದಲು ಬಣ್ಣ ಹಚ್ಚಿ ಮುಗಿಸಬೇಕು, ತಪ್ಪಿದರೆ ಕೆರೆದು ತೆಗೆದು ಮತ್ತೆ ಗಾರೆ ಹಾಕಬೇಕು. ನಮ್ಮ ಸೆಕೆಯಲ್ಲಿ, ಅಟ್ಟಣಿಗೆ ಮೇಲೆ ನಿಂತು! ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಒಳ್ಳೆಯದೇ ಆಯಿತು. ಬೆಂಚಿನಲ್ಲಿ ಕುಳಿತು ಅರ್ಧ ಗಂಟೆ ನೋಡಿ. ಎರಡು ನಿಮಿಷಕ್ಕೆ "ನೋಡಿ ಆಯ್ತು" ಅಂತ ಹೊರಗೆ ಬರುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಪಕ್ಕದಲ್ಲೇ ಬಾವುಟಗುಡ್ಡೆ. 1837ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ನಮ್ಮ ರೈತರು ಬಾವುಟ ಹಾರಿಸಿದ ಜಾಗ. ಟಾಗೋರ್ ಪಾರ್ಕಿನಲ್ಲಿ ಹಡಗುಗಳಿಗೆ ದಾರಿ ತೋರಿಸುತ್ತಿದ್ದ ಹಳೇ ದೀಪಸ್ತಂಭ ಇದೆ. ಅದನ್ನೂ ಮೇಲೆಯೇ ನೋಡಬೇಕು.

ಕದ್ರಿ ಪಾರ್ಕಿಗೆ ಹೋದವರು ಹಾಗೇ ಮಂಜುನಾಥನ ದೇವಸ್ಥಾನಕ್ಕೂ ಹೋಗಿ. ಲೋಕೇಶ್ವರನ ಕಂಚಿನ ಮೂರ್ತಿಗೆ ಮೂರು ಮುಖ, ಆರು ಕೈ. ಆಳುಪ ಅರಸ ಕುಂದವರ್ಮ 968ರಲ್ಲಿ ಮಾಡಿಸಿದ್ದು ಅಂತ ಪೀಠದಲ್ಲೇ ಬರೆದಿದೆ. ಭಾವನ ಮನೆ ಹಾಗಲ್ಲ, ಇದು ನಂಬುವ ಇಸವಿ.

ಸುಲ್ತಾನ್ ಬತ್ತೇರಿಯಲ್ಲಿ ಮಾತ್ರ ಮೇಲೆ ನೋಡಲು ಏನೂ ಇಲ್ಲ, ಮಾಡೇ ಇಲ್ಲ. ಹೊಳೆಯಲ್ಲಿ ಶತ್ರುಗಳ ಹಡಗು ಬರದಿರಲಿ ಅಂತ ಟಿಪ್ಪು ಕರಿಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ತೋಪಿನ ಕಿಂಡಿಗೆ ಕಣ್ಣಿಟ್ಟು ಹೊಳೆ ನೋಡಿ. ಸಂಜೆ ಹೊತ್ತಿಗೆ ಹೋದರೆ ಬಿಸಿಲಿರುವುದಿಲ್ಲ, ಮಕ್ಕಳೂ ರಗಳೆ ಮಾಡುವುದಿಲ್ಲ. ನಮಸ್ಕಾರ.