ನಿಂತ ಮನೆ, ನಿಲ್ಲದ ಕಾಗದ

ಕೇಳುಗರೇ, ನಮಸ್ಕಾರ.

ಅಮೆರಿಕದ ಟೆಕ್ಸಾಸ್‌ನಲ್ಲಿ ಊರಾಚೆ ಹೋದರೆ ಉದ್ದನೆಯ, ತಗ್ಗಾದ ಮನೆಗಳು ಕಾಣುತ್ತವೆ. ಕಾರ್ಖಾನೆಯಲ್ಲಿ ಕಟ್ಟಿ, ಉಕ್ಕಿನ ಚಾಸಿಯ ಮೇಲೆ ರಸ್ತೆಯಲ್ಲಿ ಎಳೆದು ತಂದ ಮನೆಗಳು. ಇವಕ್ಕೆ ಮ್ಯಾನುಫ್ಯಾಕ್ಚರ್ಡ್ ಹೋಮ್ ಅಂತಾರೆ. ಸೈಟಿನಲ್ಲೇ ಕಟ್ಟಿದ ಮನೆಗಿಂತ ಸಾಮಾನ್ಯವಾಗಿ ಅಗ್ಗ. ಅಲ್ಲಿ ನೆಲೆಸಿರುವ ನಮ್ಮವರು ಯಾರಾದರೂ ಇಂಥ ಮನೆ ಕೊಳ್ಳುವ ಯೋಚನೆಯಲ್ಲಿದ್ದರೆ, ಈ ಮಾತು ಅವರಿಗೆ.

ಮನೆಯ ಚಕ್ರ ಬಿಚ್ಚಿದಿರಿ, ನೆಲಕ್ಕೆ ಬಿಗಿದಿರಿ, ಸುತ್ತ ಗಿಡ ನೆಟ್ಟಿರಿ. ಜಾಗವೂ ನಿಮ್ಮದೇ. ಆದರೂ ಕಾನೂನಿನ ಲೆಕ್ಕದಲ್ಲಿ ಆ ಮನೆ ಇನ್ನೂ ಚರ ಆಸ್ತಿಯಾಗಿರಬಹುದು! ಜಾಗದ ದಾಖಲೆ ಒಂದು ಕಡೆ, ಮನೆಯ ದಾಖಲೆ ಇನ್ನೊಂದು ಕಡೆ. ನಮ್ಮೂರಲ್ಲಿ ಕ್ರಯಪತ್ರ ನೋಂದಣಿಯಾದರೂ ಖಾತೆ ಹಳೆಯವರ ಹೆಸರಲ್ಲೇ ಉಳಿದಿರುವುದುಂಟಲ್ವಾ, ಹಾಗೆ.

ಇದರಿಂದ ಏನು ತೊಂದರೆ? ಮೊದಲನೆಯದು ಸಾಲ. ಚರ ಆಸ್ತಿಗೆ ಸಿಗುವ ಸಾಲಕ್ಕೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಕಂತು ತಪ್ಪಿದರೆ, ಸ್ಥಿರ ಆಸ್ತಿಯ ಸಾಲಗಾರನಿಗೆ ಸಿಗುವಷ್ಟು ರಕ್ಷಣೆಯೂ ಸಿಗುವುದಿಲ್ಲ. ಕಷ್ಟಪಟ್ಟು ಕಂತು ಕಟ್ಟುವವರ ಮೇಲೇ ಈ ಭಾರ ಬೀಳುತ್ತದೆ. ಅದು ನನಗೆ ಸರಿ ಅನಿಸುವುದಿಲ್ಲ.

ಟೆಕ್ಸಾಸ್‌ನಲ್ಲಿ ಇದನ್ನು ಬದಲಿಸಲು ದಾರಿ ಇದೆ. ಅಲ್ಲಿ ಈ ಮನೆಗಳ ಒಡೆತನದ ದಾಖಲೆ ಇಡುವುದು ರಾಜ್ಯದ ವಸತಿ ಇಲಾಖೆಯ ಮ್ಯಾನುಫ್ಯಾಕ್ಚರ್ಡ್ ಹೌಸಿಂಗ್ ವಿಭಾಗ. ಅದು ಕೊಡುವ ಪತ್ರಕ್ಕೆ ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್ ಅಂತ ಹೆಸರು. ಜಾಗ ನಿಮ್ಮದಾಗಿದ್ದು ಮನೆ ಅದಕ್ಕೆ ಕೂಡಿಕೊಂಡಿದ್ದರೆ, ಅರ್ಜಿಯಲ್ಲಿ ಸ್ಥಿರ ಆಸ್ತಿ ಅಂತ ಆರಿಸಿಕೊಳ್ಳಬಹುದು. ಕೆಲವು ಬಗೆಯ ದೀರ್ಘಾವಧಿ ಗುತ್ತಿಗೆಯ ಜಾಗಕ್ಕೂ ಅವಕಾಶವಿದೆ. ಆದರೆ ಇಂಥ ಮನೆಗಳನ್ನೇ ಸಾಲಾಗಿ ನಿಲ್ಲಿಸುವ ಪಾರ್ಕಿನಲ್ಲಿ ತಿಂಗಳ ಬಾಡಿಗೆಗೆ ಜಾಗ ಹಿಡಿದವರಿಗೆ ಈ ದಾರಿ ಇಲ್ಲ.

ಅರ್ಜಿಗೆ ಮೊದಲು ಮನೆಯ ಹಳೇ ಸಾಲ, ಬಾಕಿ ತೆರಿಗೆ ಇವನ್ನು ವಿಚಾರಿಸಿಕೊಳ್ಳಿ. ಸೀರಿಯಲ್ ನಂಬರ್ ಬೇಕು, ಲೇಬಲ್ ನಂಬರ್ ಬೇಕು. ಆ ಲೇಬಲ್ ಮನೆಯ ಹೊರಗೋಡೆಗೆ ಹೊಡೆದ ಸಣ್ಣ ಕೆಂಪು ಲೋಹದ ಪಟ್ಟಿ. 1976ರ ಜೂನ್ 15ರಿಂದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಕಟ್ಟಿದ ಮನೆಯಲ್ಲಿ, ಎಳೆದು ತಂದ ಪ್ರತಿ ಭಾಗಕ್ಕೂ ಒಂದೊಂದು ಇರುತ್ತದೆ. ಬಣ್ಣ ಬಳಿಯುವಾಗ ದಯವಿಟ್ಟು ಅದನ್ನು ಕಿತ್ತು ಎಸೆಯಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ರಾಜ್ಯದಿಂದ ಪತ್ರ ಬಂತು ಅಂತ ಡ್ರಾಯರ್‌ನಲ್ಲಿಟ್ಟು ಸುಮ್ನೆ ಕೂತರೆ ಕೆಲಸ ಮುಗಿಯುವುದಿಲ್ಲ. ಪತ್ರ ಕೊಟ್ಟ 60 ದಿನದೊಳಗೆ ಅದರ ದೃಢೀಕೃತ ಪ್ರತಿಯನ್ನು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ, ಸ್ಥಿರ ಆಸ್ತಿ ದಾಖಲೆಗೆ ಸೇರಿಸಬೇಕು. ಸೇರಿಸಿದ್ದನ್ನು ಇಲಾಖೆಗೂ ತಿಳಿಸಬೇಕು. ಆಮೇಲೆಯೇ ಮನೆ ಜಾಗದ ಜೊತೆ ಒಂದಾಗುವುದು. ಹಾಗಾಗಿ ಇಂಥ ಮನೆ ಕೊಳ್ಳುವವರು ರಾಜ್ಯದ ವಿಭಾಗ, ಕೌಂಟಿ ಎರಡೂ ಕಡೆ ದಾಖಲೆ ಹುಡುಕಿಸಬೇಕು. ಜಾಗದ ಪತ್ರ ಒಂದನ್ನೇ ನೋಡಿ ಮುಂಗಡ ಕೊಡಬೇಡಿ.

ಕಾಗದ ಬದಲಾದ ಮಾತ್ರಕ್ಕೆ ಕಡಿಮೆ ಬಡ್ಡಿಯ ಸಾಲ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಗೃಹಸಾಲಕ್ಕೆ ಖಾತರಿ ಕೊಡುವ ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಚ್‌ಎ. ಮನೆ, ಜಾಗ ಎರಡೂ ಸೇರಿದ ಸ್ಥಿರ ಆಸ್ತಿಯ ಸಾಲಕ್ಕೆ ಅದರ ಖಾತರಿ ಬೇಕಾದರೆ ಶಾಶ್ವತ ಅಡಿಪಾಯ ಇರಬೇಕು. ಅಡಿಪಾಯ ನಿಯಮದಂತಿದೆ ಅಂತ ಎಂಜಿನಿಯರ್ ಬರೆದುಕೊಡಬೇಕು. ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಅಡಿಪಾಯ ಹಾಕಿದ ಮೇಲೆ 433ಎ ಎಂಬ ನಮೂನೆ ಕೌಂಟಿಯಲ್ಲಿ ದಾಖಲಾಗುತ್ತದೆ. ನೀವು ಯಾವ ರಾಜ್ಯದಲ್ಲಿದ್ದರೂ ಮೊದಲು ಅಲ್ಲಿನ ಕೌಂಟಿ ಕಚೇರಿಗೆ ಹೋಗಿ, ಈ ಮನೆ ಯಾವ ದಾಖಲೆಯಲ್ಲಿದೆ ಅಂತ ಕೇಳಿ. ಮನೆಯ ಮೇಲೆ ಸಾಲ ಇದ್ದರೆ, ದಾಖಲೆ ಬದಲಿಸಲು ಬ್ಯಾಂಕಿನವರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ನಮಸ್ಕಾರ.