ಓದಿದವರು, ಓದಿಕೊಂಡವರು

ಕೇಳುಗರಿಗೆಲ್ಲ ನಮಸ್ಕಾರ.

ತಾಲ್ಲೂಕು ಗ್ರಂಥಾಲಯವೊಂದರಲ್ಲಿ 30 ವರ್ಷ ಪುಸ್ತಕ ಕೊಟ್ಟು, ವಾಪಸ್ ಪಡೆದು ಬದುಕಿದವನು ನಾನು. ಜನ ಕೇಳುತ್ತಿದ್ದ ಪ್ರಶ್ನೆ ಒಂದೇ. 'ಸಾರ್, ಯಾವ್ಯಾವ ಪುಸ್ತಕ ಓದಿದರೆ ಓದಿಕೊಂಡವನು ಅನ್ನಿಸಿಕೊಳ್ಳಬಹುದು? ಒಂದು ಪಟ್ಟಿ ಕೊಡಿ.' ಅಂಥ ಪಟ್ಟಿ ಇಲ್ಲ ರೀ! ಆ ಮಾತನ್ನೇ ನೋಡಿ. ಓದಿಕೊಂಡವನು. ಓದಿದರೆ ಸಾಲದು, ಕೊಳ್ಳಬೇಕು, ಒಳಗೆ ತೆಗೆದುಕೊಳ್ಳಬೇಕು.

ಒಬ್ಬ ಹುಡುಗ ಬರುತ್ತಿದ್ದ. ಜ್ಞಾನಪೀಠ ಬಂದ ನಮ್ಮ 8 ಜನರ ಹೆಸರು ಬರೆದುಕೊಂಡು, ಒಂದೊಂದಾಗಿ ಗೀಟು ಹಾಕುತ್ತಿದ್ದ. ಮೊನ್ನೆ ಒಯ್ದಿದ್ದು ಹೇಗಿತ್ತಪ್ಪಾ ಅಂದರೆ, 'ಮುಗಿಸಿದೆ ಸಾರ್' ಅನ್ನುತ್ತಿದ್ದ. ಅಷ್ಟೇ.

ಅದೇ ಕಾಲಕ್ಕೆ ಒಬ್ಬ ಯಜಮಾನರು ಬರುತ್ತಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಕ್ಕೆ ಇಳಿದವರು. ಅವರಿಗೆ ಬೇಕಾಗಿದ್ದು ಕುಮಾರವ್ಯಾಸ ಭಾರತ ಮಾತ್ರ. ಪುಸ್ತಕದ ಕೊನೆಗೆ ಅಂಟಿಸಿದ ತಾರೀಖಿನ ಚೀಟಿ ತುಂಬ ಅವರದೇ ಮೊಹರು. ಮೂಲೆಯ ಬೆಂಚಿನಲ್ಲಿ ಕೂತು, ಸಾಲಿನ ಮೇಲೆ ಬೆರಳಿಟ್ಟು, ಭಾಮಿನಿ ಷಟ್ಪದಿಯನ್ನು ರಾಗವಾಗಿ ಗುನುಗುತ್ತಾ ಓದುವರು. ಸುಮ್ನೆ ಕಣ್ಣಾಡಿಸುವುದು ಗೊತ್ತೇ ಇರಲಿಲ್ಲ.

'ಯಜಮಾನ್ರೇ, ಮತ್ತೆ ಅದೇನಾ?' ಅಂದೆ ಒಂದು ದಿನ. ವಿರಾಟಪರ್ವ ತೆರೆದಿತ್ತು. ಮಳೆ ಹೋದಾಗ ಊರಲ್ಲಿ ಓದಿಸುತ್ತೇವಲ್ಲ, ಅದೇ. ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೇನೆ ಕಂಡದ್ದೇ ರಥದಿಂದ ಹಾರಿ ಓಡುತ್ತಾನೆ, ಬೃಹನ್ನಳೆಯ ವೇಷದ ಅರ್ಜುನ ಹಿಡಿದು ತರುತ್ತಾನೆ. ನಾವೆಲ್ಲ ಬಿದ್ದು ಬಿದ್ದು ನಗುವ ಜಾಗ. ಅವರು ಹೇಳಿದರು, 'ನಾನೂ ನಗ್ತಿದ್ದೆ ಸ್ವಾಮಿ. ನನ್ನ ಮಗ ಮಿಲ್ಟ್ರಿಗೆ ಹೋದ ಮೇಲೆ ನಗು ಬರ್ತಿಲ್ಲ. ಪಾಪ, ಆ ಹುಡುಗ ಯುದ್ಧ ಅಂದ್ರೇನು ಅಂತ ಕಂಡಿದ್ದು ಅವತ್ತೇ ಅಲ್ವಾ?'

ಗ್ರಂಥಾಲಯದಲ್ಲಿ ಕೂತ ನಾನು ಆ ಪದ್ಯಗಳನ್ನು ಎಷ್ಟು ಸಲ ಓದಿದ್ದೆನೋ. ಅದು ನನಗೆ ಹೊಳೆದೇ ಇರಲಿಲ್ಲ. ಅವರೇ ಓದಿಕೊಂಡವರು! ಪುಸ್ತಕ ಒಂದೇ ಇರಲಿ, ನೂರಿರಲಿ, ಒಳಗೆ ತೆಗೆದುಕೊಂಡರೆ ಮಾತ್ರ ಓದಿಕೊಂಡ ಹಾಗೆ.

ಸಮಯ ಆಗುತ್ತಿದೆ, ಬೇಗ ಹೇಳಿಬಿಡುತ್ತೇನೆ. 9ನೇ ಶತಮಾನದ ಕವಿರಾಜಮಾರ್ಗ ನಮ್ಮ ಜನರನ್ನು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಅಂತ ಕರೆಯಿತು. ಕೂತು ಓದದೆಯೂ ಕಾವ್ಯ ಬಲ್ಲವರು ಅಂತ. ಗಮಕಿ ಹಾಡಿ, ಪಕ್ಕದವರು ಅರ್ಥ ಹೇಳಿ, ಅಕ್ಷರ ಬಾರದವರೂ ಭಾರತ ಕಲಿತ ನಾಡು ಇದು. ಅವರ ಕೈಯಲ್ಲಿ ಯಾವ ಪಟ್ಟಿ ಇತ್ತು ಹೇಳಿ?

ದೊಡ್ಡ ಕೃತಿಗಳು ಬೇಡ ಅಂತಲ್ಲ. ಓದಿ, ಖಂಡಿತ ಓದಿ. ಗೀಟು ಹಾಕುವುದಕ್ಕೆ ಓದಬೇಡಿ. ಮನೆಯಲ್ಲಿ ಮಕ್ಕಳು ಪುಸ್ತಕ ಹಿಡಿದಿದ್ದರೆ ಎಷ್ಟು ಪುಟ ಆಯ್ತು ಅಂತ ಕೇಳಬೇಡಿ. ಅದರಲ್ಲಿ ಯಾರನ್ನು ಕಂಡರೆ ಪಾಪ ಅನ್ನಿಸ್ತು ಅಂತ ಕೇಳಿ, ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಕೇಳಿ.

ನಮಸ್ಕಾರ.